ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ತಂತ್ರಜ್ಞಾನ

ರೇಡಿಯೊ, ದೂರದರ್ಶನ, ಕಂಪ್ಯೂಟರ್, ಅಂತರಜಾಲಗಳು ಪ್ರಾಥಮಿಕ ತರಗತಿಯ ಪಾಠದೊಳಗೆ ಬಂದು ಸೇರಿದ ಕಥೆ ಕರ್ನಾಟಕದಲ್ಲಿ ರಾಜಧಾನಿಯಿಂದ ಆರಂಭವಾಗುವುದಿಲ್ಲ. ಅದರ ಮೊದಲ ಅಧ್ಯಾಯ ನಡೆದದ್ದು ಆಗಿನ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಈ ಹಳ್ಳಿಗಳ ಮಕ್ಕಳು ಅದಕ್ಕಿಂತ ಆರು ವರ್ಷ ಮೊದಲೇ ಟಿ.ವಿ. ಮುಂದೆ ಕೂತು ಪಾಠ ಕೇಳಿದ್ದರು.

ಅದಕ್ಕೆ ಕಾರಣವಾದದ್ದು ‘ಸೈಟ್’ ಎಂದು ಹೆಸರಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ಇದನ್ನು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಇದಕ್ಕೆ ಆರಿಸಲಾಗಿತ್ತು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ ಉಪಗ್ರಹದ ಸಂಕೇತವನ್ನು ನೇರವಾಗಿ ಹಿಡಿಯುತ್ತಿತ್ತು. ಬೆಳಗಿನ ಹೊತ್ತು ಪ್ರತಿಯೊಂದು ಭಾಷೆಗೂ ಇಪ್ಪತ್ತೆರಡೂವರೆ ನಿಮಿಷ ಶಾಲಾ ಮಕ್ಕಳಿಗೆಂದೇ ಮೀಸಲು. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ. ಮಕ್ಕಳು ಮಾತ್ರವಲ್ಲ, ಆರೂ ರಾಜ್ಯಗಳ ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರೂ ವಿಜ್ಞಾನ ಕಲಿಸುವ ಬಗೆಯನ್ನು ಇದೇ ಪ್ರಯೋಗದಡಿ ತರಬೇತಿಯಾಗಿ ಪಡೆದರು. ಇಡೀ ಯೋಜನೆಯಲ್ಲಿ ಹೆಚ್ಚು ಬೆಲೆಬಾಳುವ ಭಾಗ ಇದೇ ಎನ್ನಬೇಕು: ಉಪಗ್ರಹ ಒಂದು ವರ್ಷಕ್ಕೆ ಮರಳಿ ಹೋಯಿತು, ಶಿಕ್ಷಕರು ಊರಲ್ಲೇ ಉಳಿದರು.

ಒಂದು ಕೊರತೆ ಮಾತ್ರ ಆಗಲೇ ಹುಟ್ಟಿಕೊಂಡಿತು, ಮತ್ತೆ ಬಹುಕಾಲ ಬಿಡಲಿಲ್ಲ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ, ತೆಲುಗು ಕಾರ್ಯಕ್ರಮಗಳ ಜೊತೆಗೆ. ಪಾಠ ಎಲ್ಲೋ ತಯಾರಾಗಿ ಬರುತ್ತಿತ್ತು. ತರಗತಿಯ ಮೇಷ್ಟ್ರಿಗೆ ಅದನ್ನು ನಿಲ್ಲಿಸುವ, ತಿದ್ದುವ, ಊರಿನ ಮಾತಿಗೆ ಹೊಂದಿಸುವ ದಾರಿ ಇರಲಿಲ್ಲ. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಕಲಬುರಗಿಗೆ ತನ್ನದೇ ದೂರದರ್ಶನ ಪ್ರಸಾರ ಕೇಂದ್ರ ಬಂತು.

ಈ ಕೊರತೆಯನ್ನು ಜಾಣತನದಿಂದ ದಾಟಿದ್ದು, ಅಚ್ಚರಿಯೆಂಬಂತೆ, ಎಲ್ಲಕ್ಕಿಂತ ಹಳೆಯದಾದ ರೇಡಿಯೊ. ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಆಕಾಶವಾಣಿಯ ಮೂಲಕ ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಮಾಲಿಕೆಗಳನ್ನು ಬಿತ್ತರಿಸಿತು. ಚುಕ್ಕಿ ಪಾಠಗಳಲ್ಲಿ ರೇಡಿಯೊದ ದನಿ ಪ್ರಶ್ನೆ ಕೇಳಿ ತಡೆಯುತ್ತಿತ್ತು. ಆ ಬಿಡುವಿನಲ್ಲಿ ಮಕ್ಕಳು ಒಟ್ಟಾಗಿ ಉತ್ತರ ಹೇಳಬೇಕು, ಹಾಡಬೇಕು, ಎದ್ದು ಕುಣಿಯಬೇಕು. ಮೇಷ್ಟ್ರು ಅವರನ್ನು ನಡೆಸಬೇಕು. ಆ ಕೆಲವು ಕ್ಷಣಗಳ ಮೌನ ಪಾಠವನ್ನು ಮಕ್ಕಳ ಕೈಗೆ ಕೊಟ್ಟಿತು. ದುಬಾರಿ ಸಲಕರಣೆಗಳು ಬಹಳ ಸಲ ಮಾಡಲಾಗದ ಕೆಲಸವದು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ಭಾರತ ಕಳಿಸಿದ ಮೊದಲ ಉಪಗ್ರಹ. ಪ್ರಾಥಮಿಕ ಶಾಲೆಗಳ ಮಟ್ಟಿಗೆ ಅದರ ಪ್ರಯೋಗಕ್ಕೆ ಚಾಮರಾಜನಗರ ಜಿಲ್ಲೆಯನ್ನು ಆರಿಸಿಕೊಳ್ಳಲಾಯಿತು. ಎಂಟುನೂರಕ್ಕೂ ಹೆಚ್ಚು ಶಾಲೆಗಳಿಗೆ ಟಿ.ವಿ., ಡಿಶ್ ಬಂದವು. ಆದರೆ ಅಲ್ಲಿದ್ದದ್ದು ಬರೀ ಪಡೆಯುವ ಸಲಕರಣೆ. ಮಗುವಿಗೆ ಹುಟ್ಟಿದ ಪ್ರಶ್ನೆ ಅದೇ ದಾರಿಯಲ್ಲಿ ಸ್ಟುಡಿಯೊಗೆ ಮರಳುವಂತಿರಲಿಲ್ಲ, ಕರೆಂಟು ಹೋದರೆ ಆ ದಿನದ ಪಾಠವೂ ಹೋಗುತ್ತಿತ್ತು. ಉಪಗ್ರಹ 2010ರಲ್ಲಿ ಸೇವೆ ಮುಗಿಸಿತು.

ಕಂಪ್ಯೂಟರ್ ಬಂದದ್ದು ಇದೇ ಕಾಲಕ್ಕೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2001ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿಕಾ ಕೇಂದ್ರಗಳನ್ನು ನಡೆಸಿ, ಪಠ್ಯಕ್ಕೆ ಹೊಂದುವ ಸಿ.ಡಿ.ಗಳನ್ನು ಕನ್ನಡದಲ್ಲೂ ತಂದಿತು. ಕೆಲವು ವರ್ಷಗಳ ಅನುಭವದ ನಂತರ ಪ್ರತಿಷ್ಠಾನ ಶಿಕ್ಷಕರ ಬೆಳವಣಿಗೆಯ ಕಡೆಗೆ ತಿರುಗಿತು.

ಅಂತರಜಾಲದ ಕನ್ನಡಕ್ಕೆ ಮೊದಲು ಬೇಕಾದದ್ದು ಅಕ್ಷರ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇತ್ತು, ಆದರೆ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಾಠಗಳು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಗೀಚಿದಂತೆ ಕಾಣುತ್ತಿದ್ದವು, ಹುಡುಕಿದರೂ ಸಿಗುತ್ತಿರಲಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡ್ ಕನ್ನಡದಲ್ಲೇ ಬೆಳೆಯಿತು. ಅದೇ ವಿಕಿ ಮಾದರಿಯಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಪ್ರೌಢಶಾಲೆಯನ್ನು ಗುರಿಯಾಗಿಟ್ಟುಕೊಂಡಿದ್ದರೂ ಇಲ್ಲಿ ಹೇಳಲೇಬೇಕಾದದ್ದು. ಶಿಕ್ಷಕರೇ ಪಾಠ ಬರೆದು, ಇನ್ನೊಬ್ಬರ ಪಾಠವನ್ನು ತಿದ್ದುವ ಹಕ್ಕು ಅದರಲ್ಲಿ ಸಿಕ್ಕಿತು. ಪುಟ್ಟ ಮಕ್ಕಳಿಗೆ ಅಂಥದ್ದೇ ಉಪಕಾರ ಮಾಡಿದ್ದು ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣ. ಅದರ ಚಿತ್ರಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ತಮ್ಮ ತರಗತಿಗೆ ತಕ್ಕಂತೆ ಬದಲಿಸಬಹುದು. ಕೇಂದ್ರ ಸರ್ಕಾರದ ‘ದೀಕ್ಷಾ’ ಕಲಿಕಾ ಜಾಲತಾಣ 2017ರ ಸೆಪ್ಟೆಂಬರ್ 5ರಂದು ಉದ್ಘಾಟನೆಯಾಯಿತು. ಕನ್ನಡ ಪಠ್ಯಪುಸ್ತಕಗಳ ಪುಟಗಳಲ್ಲಿ ಅದರ ಪಾಠಗಳಿಗೆ ಕರೆದೊಯ್ಯುವ ಕ್ಯೂಆರ್ ಸಂಕೇತಗಳು ಕಾಣಿಸಿಕೊಂಡದ್ದು ಆಮೇಲೆ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಇದೆಲ್ಲದರ ನಿಜವಾದ ಪರೀಕ್ಷೆ ನಡೆಯಿತು. ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಮಕ್ಕಳನ್ನು ಮೂರು ಗುಂಪು ಮಾಡಿತು: ಮನೆಯಲ್ಲಿ ಫೋನೇ ಇಲ್ಲದವರು, ಅಂತರಜಾಲವಿಲ್ಲದ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು. ಬಡತನವನ್ನು ಮುಚ್ಚಿಡದೆ ಒಪ್ಪಿಕೊಂಡದ್ದು ಆ ಯೋಜನೆಯ ಪ್ರಾಮಾಣಿಕತೆ. ಫೋನಿಲ್ಲದ ಮಕ್ಕಳಿಗಾಗಿ ಶಿಕ್ಷಕರು ಗುಡಿಯ ಜಗುಲಿ, ಮರದ ನೆರಳು, ಸಮುದಾಯ ಭವನಗಳಲ್ಲಿ ವಠಾರ ಶಾಲೆ ನಡೆಸಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ದೂರದರ್ಶನದ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಮೊದಲು ಆರಂಭವಾದದ್ದು ಪ್ರೌಢಶಾಲೆಗೆ. ಎಲ್ಲರಿಗಿಂತ ಹೆಚ್ಚು ಕಾಲ ತರಗತಿಯಿಂದ ಹೊರಗುಳಿದವರು ಅಕ್ಷರ ಕಲಿಯುವ ವಯಸ್ಸಿನವರು.

ರಾಜ್ಯದಲ್ಲಿ 1ರಿಂದ 5ನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಕಳೆದುಹೋದ ಕಲಿಕೆಯನ್ನು ತುಂಬಿಕೊಡಲು 2022–23ರಲ್ಲಿ ನಡೆದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಮಕ್ಕಳ ಕೈಗೆ ಕೊಟ್ಟದ್ದು ಮುದ್ರಿತ ಕಲಿಕಾ ಹಾಳೆಗಳನ್ನು.