ಹನ್ನೊಂದು ಅಡಿ ಅಗಲದ ಮನೆಯಲ್ಲಿ ಆಕಾಶ

ನಗರದ ಇಕ್ಕಟ್ಟಾದ ನಿವೇಶನಗಳಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಜಪಾನಿನ ಒಸಾಕಾ ನಗರದ ಮನೆಯೊಂದರ ವೃತ್ತಾಂತವನ್ನು ಹೇಳಬೇಕೆನಿಸಿದೆ.

ಜಪಾನಿನ ಹಳೆಯ ಪೇಟೆಗಳ ಮನೆಗಳು ಬೀದಿಗೆ ಕಿರಿದಾಗಿ, ಒಳಕ್ಕೆ ಉದ್ದವಾಗಿ ಇರುತ್ತಿದ್ದವು. ಕ್ಯೋಟೋದ ಜನ ಇಂತಹ ಮನೆಯನ್ನು 'ಹಾವುಮೀನಿನ ಹಾಸಿಗೆ' ಎಂದು ಕರೆದರು. ಎರಡು ಮಗ್ಗುಲಲ್ಲೂ ನೆರೆಮನೆ, ಕಿಟಕಿಗೆ ಎಡೆಯಿಲ್ಲ. ಆದುದರಿಂದ ನಡುವೆ ಪುಟ್ಟದೊಂದು ತೋಟವನ್ನು ಬಿಟ್ಟು, ಗಾಳಿ ಬೆಳಕುಗಳನ್ನು ಮೇಲಿನಿಂದ ಬರಮಾಡಿಕೊಳ್ಳುತ್ತಿದ್ದರು. ನಮ್ಮ ತೊಟ್ಟಿಮನೆಯ ಉಪಾಯವೂ ಇದೇ ಅಲ್ಲವೆ?

ವಾಸ್ತುಶಿಲ್ಪಿ ತಡಾವೋ ಆಂಡೋ 1941ರಲ್ಲಿ ಒಸಾಕಾದಲ್ಲಿ ಜನಿಸಿ, ಅಜ್ಜಿಯ ಆಶ್ರಯದಲ್ಲಿ ಅಂತಹುದೇ ಒಂದು ಕತ್ತಲೆಯ ಸಾಲುಮನೆಯಲ್ಲಿ ಬೆಳೆದವರು. ಅವರು ಬಾಲಕರಾಗಿದ್ದಾಗ ಮನೆಗೆ ಮಹಡಿ ಏರಿಸಲೆಂದು ಬಡಗಿ ಛಾವಣಿಯನ್ನು ತೆಗೆದನಂತೆ. ಆಗ ಒಳಗೆ ಸುರಿದ ಬೆಳಕನ್ನು ತಾವು ಮರೆಯಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಕಾಲೇಜಿನಲ್ಲಿ ವಾಸ್ತುಶಿಲ್ಪವನ್ನು ಓದಿದವರಲ್ಲ. ಕೆಲಕಾಲ ಮುಷ್ಟಿಯುದ್ಧ ಮಾಡಿದವರು! (ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವರು ಇದನ್ನು ಗಮನಿಸಬಹುದು.)

1976ರಲ್ಲಿ ಸುಮಿಯೋಶಿ ಬಡಾವಣೆಯಲ್ಲಿ ಮೂರು ಮರದ ಸಾಲುಮನೆಗಳ ನಡುವಿನದನ್ನು ತೆಗೆದು, ಅದೇ ಜಾಗದಲ್ಲಿ ಅವರು ಕಾಂಕ್ರೀಟಿನ ಎರಡಂತಸ್ತಿನ ಮನೆಯನ್ನು ಕಟ್ಟಿದರು. ಅಗಲ ಸುಮಾರು 3.3 ಮೀಟರ್, ಉದ್ದ ಸುಮಾರು 14 ಮೀಟರ್. ಬೀದಿಗೆ ಬಾಗಿಲೊಂದೇ, ಕಿಟಕಿಯೇ ಇಲ್ಲ. ಇಷ್ಟು ಕಿರಿದಾದ ಜಾಗವನ್ನು ಮೂರು ಸಮಭಾಗ ಮಾಡಿ, ನಡುವಣ ಭಾಗವನ್ನು ಪೂರ್ತಿ ಆಕಾಶಕ್ಕೇ ಬಿಟ್ಟುಕೊಟ್ಟರು. ಮೆಟ್ಟಿಲೂ, ಮೇಲಿನ ಎರಡು ಕೋಣೆಗಳನ್ನು ಕೂಡಿಸುವ ಕಾಲುಸೇತುವೆಯೂ ಆ ಅಂಗಳದಲ್ಲಿಯೇ ಇವೆ. ಎಲ್ಲ ಕೋಣೆಗಳಿಗೂ ಬೆಳಕು ಅಲ್ಲಿಂದಲೇ.

ಆದರೆ ಮಳೆ ಬಂದರೆ? ಮೇಲಿನ ಕೋಣೆಯಿಂದ ಶೌಚಾಲಯಕ್ಕೆ ಕೊಡೆ ಹಿಡಿದೇ ಹೋಗಬೇಕು. ಚಳಿಗಾಲದಲ್ಲಿ ಕಾಂಕ್ರೀಟು ಕೊರೆಯುತ್ತದೆ. ಟೀಕೆಗಳು ಬಹಳ ಬಂದವು. ನೋಡಲು ಬಂದ ಹಿರಿಯ ವಾಸ್ತುಶಿಲ್ಪಿ ತೋಗೊ ಮುರಾನೋ, ಬಹುಮಾನ ಕೊಡಬೇಕಾದದ್ದು ಇಲ್ಲಿ ವಾಸಿಸುವವರಿಗೆ ಎಂಬರ್ಥದ ಮಾತನ್ನಾಡಿದರೆಂದು ಪ್ರತೀತಿ. ಆದರೂ 1979ರಲ್ಲಿ ಈ ಮನೆಗೆ ಜಪಾನಿನ ವಾಸ್ತುಶಿಲ್ಪ ಸಂಸ್ಥೆಯ ಪ್ರಶಸ್ತಿ ಬಂದಿತು. 1995ರಲ್ಲಿ ಆಂಡೋ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿಯೂ ದೊರೆಯಿತು.

ತೊಟ್ಟಿಯ ಸುತ್ತ ಇರುವಂತೆ ಒಂದು ಸೂರನ್ನಾದರೂ ಇಳಿಸಬಾರದಿತ್ತೆ ಎಂದು ನನಗೂ ಮೊದಲು ಅನಿಸಿತ್ತು. ಕಾಗದದ ಮೇಲೆ ಅಳತೆ ಹಾಕಿ ನೋಡಿದೆ. ಹನ್ನೊಂದು ಅಡಿಯಲ್ಲಿ ಎರಡೂ ಕಡೆ ಮೂರು ಮೂರು ಅಡಿ ಸೂರಿಳಿಸಿದರೆ ಆಕಾಶಕ್ಕೆ ಉಳಿಯುವುದು ಐದೇ ಅಡಿ. ಕೊಡೆಯೇ ವಾಸಿಯೆಂದು ಒಪ್ಪಿಕೊಂಡೆ. ನಮ್ಮ ಮನೆಯಾಕೆ ಮಾತ್ರ ಇನ್ನೂ ಒಪ್ಪಿಲ್ಲ.