ಶಾರ್ಕೋ ಮನೆಯಲ್ಲಿ ಒಡೆದ ತಟ್ಟೆಗಳು

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಹೆಸರನ್ನು ನೀವು ಕೇಳಿರಬಹುದು. ಮೆದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆ ಇರುತ್ತದೆ, ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ. ಅದು ಅಲ್ಲಲ್ಲಿ ಹಾಳಾದರೆ ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ, ಕಾಲು ಸೋಲುತ್ತದೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನವರಿಗೆ, ಅದರಲ್ಲೂ ಹೆಂಗಸರಿಗೆ ಬರುವ ಕಾಯಿಲೆ ಇದು. ಇದನ್ನು ಸ್ಪಷ್ಟವಾಗಿ ಗುರುತಿಸಿಕೊಟ್ಟವರು ಪ್ಯಾರಿಸ್ಸಿನ ಝಾನ್ ಮಾರ್ಟಿನ್ ಶಾರ್ಕೋ.

1825ರಲ್ಲಿ ಹುಟ್ಟಿದ ಶಾರ್ಕೋ ಗಾಡಿ ತಯಾರಿಸುವವರ ಮಗ. 1862ರಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಗೆ ವೈದ್ಯರಾಗಿ ಬಂದರು. ಒಂದು ಕಾಲಕ್ಕೆ ಮದ್ದುಗುಂಡಿನ ಉಗ್ರಾಣವಾಗಿದ್ದ ಜಾಗ ಅದು. ಬಡ ಹೆಂಗಸರು, ಮುದುಕಿಯರು, ವಾಸಿಯಾಗದ ಕಾಯಿಲೆಯವರು ಸಾವಿರಾರು ಮಂದಿ ಅಲ್ಲಿದ್ದರು. ಬೇರೆ ವೈದ್ಯರು ಅಲ್ಲಿಗೆ ಬಂದರೂ ಬೇಗ ವರ್ಗ ಮಾಡಿಸಿಕೊಂಡು ಹೊರಡುತ್ತಿದ್ದರು. ಶಾರ್ಕೋ ಅಲ್ಲೇ ಉಳಿದರು. ಒಬ್ಬೊಬ್ಬ ರೋಗಿಯನ್ನೂ ವರ್ಷಗಟ್ಟಲೆ ಗಮನಿಸಿ ಬರೆದಿಟ್ಟುಕೊಳ್ಳುವುದು, ಆಕೆ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ ಆ ಬರಹದೊಂದಿಗೆ ತಾಳೆ ನೋಡುವುದು, ಇದು ಅವರ ಪದ್ಧತಿ.

ನರಮಂಡಲದಲ್ಲಿ ಗಟ್ಟಿಯಾದ ಕಲೆಗಳಿರುವುದನ್ನು ಕಾರ್ಸ್‌ವೆಲ್, ಕ್ರೂವೇಲ್ಯೇ ಎಂಬ ವೈದ್ಯರು ಮೊದಲೇ ಚಿತ್ರ ಬರೆದು ತೋರಿಸಿದ್ದರು. ಆದರೆ ಬದುಕಿರುವ ರೋಗಿಯಲ್ಲಿ ಅದನ್ನು ಗುರುತಿಸುವುದು ಹೇಗೆ? ನಡುಕವೆಂದರೆ ಎಲ್ಲವೂ ಒಂದೇ ಎಂದು ತಿಳಿದಿದ್ದ ಕಾಲ ಅದು. ಪಾರ್ಕಿನ್ಸನ್ ರೋಗಿಯ ಕೈ ಸುಮ್ಮನೆ ಕೂತಾಗ ನಡುಗುತ್ತದೆ. ಇವರ ಕೈ ಲೋಟ ಎತ್ತಲು ಹೋದಾಗ ನಡುಗುತ್ತದೆ. 1868ರ ಉಪನ್ಯಾಸಗಳಲ್ಲಿ ಶಾರ್ಕೋ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದರು. ಈ ನಡುಕ, ಅದುರುವ ಕಣ್ಣುಗುಡ್ಡೆ, ಬಿಡಿಬಿಡಿಯಾಗಿ ಬರುವ ಮಾತು, ಈ ಮೂರು ಲಕ್ಷಣಗಳಿಗೆ ಅವರ ಹೆಸರೇ ಉಳಿಯಿತು. ಮೂರೂ ಎಲ್ಲ ರೋಗಿಗಳಲ್ಲಿ ಕಾಣುವುದಿಲ್ಲ ಎಂಬುದು ನಂತರ ತಿಳಿದ ಮಾತು.

ಶಾರ್ಕೋ ಬಳಿ ಕಲಿತಿದ್ದ ಸಿಗ್ಮಂಡ್ ಫ್ರಾಯ್ಡ್ 1893ರಲ್ಲಿ, ಗುರು ತೀರಿಕೊಂಡಾಗ, ಒಂದು ಸಂಗತಿ ಬರೆದರು. ವಿಚಿತ್ರ ನಡುಕವಿದ್ದ ಒಬ್ಬ ಮನೆಗೆಲಸದವಳನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಶಾರ್ಕೋ ಇಟ್ಟುಕೊಂಡರು. ಒಡೆದ ತಟ್ಟೆಗಳಿಗೇ ಸಾಕಷ್ಟು ದುಡ್ಡು ಹೋಯಿತು. ಕೊನೆಗೆ ಆಕೆ ಸತ್ತ ಮೇಲೆ ಪರೀಕ್ಷೆ ಮಾಡಿ, ಅದು ಇದೇ ಕಾಯಿಲೆ ಎಂದು ತೋರಿಸಿದರು.

ಇದನ್ನು ದಯೆ ಎನ್ನೋಣವೇ, ಕುತೂಹಲ ಎನ್ನೋಣವೇ? ಜೀವನವೆಲ್ಲ ಬ್ಯಾಂಕಿನಲ್ಲಿ ಜಮಾ ಖರ್ಚು ನೋಡಿದ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಫ್ರಾಯ್ಡ್ ತಟ್ಟೆಗಳ ಖರ್ಚು ಬರೆದಿದ್ದಾರೆ, ಅವಳ ಹೆಸರು ಬರೆದಿಲ್ಲ. ತಟ್ಟೆಗಳ ನಷ್ಟ ಶಾರ್ಕೋ ಅವರದು, ದೇಹದ ನಷ್ಟ ಅವಳದು. ಲಾಭ ಮಾತ್ರ ನಮ್ಮೆಲ್ಲರದು.

ಚಿಕಿತ್ಸೆಯಲ್ಲಿ ಶಾರ್ಕೋ ಸೋತರು. ಸಿಲ್ವರ್ ನೈಟ್ರೇಟ್, ಸ್ಟ್ರಿಕ್ನಿನ್ ಕೊಟ್ಟು ನೋಡಿದರೂ ಗುಣ ಕಾಣಲಿಲ್ಲ. ಅವರು ಸತ್ತು ಸರಿಯಾಗಿ ನೂರು ವರ್ಷಕ್ಕೆ, 1993ರಲ್ಲಿ, ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಔಷಧಿಗೆ ಒಪ್ಪಿಗೆ ಸಿಕ್ಕಿತು. ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ಕಾಯಿಲೆಯ ವೇಗ ತಗ್ಗಿಸುವ ಔಷಧಿಗಳು ಹಲವಿವೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲೂ ಈ ಕಾಯಿಲೆಯ ಹೆಸರು ಸೇರಿದೆ. ಹೆಸರಿಲ್ಲದ ಕಾಯಿಲೆಗೆ ಕಾನೂನೂ ಇಲ್ಲ, ಔಷಧಿಯೂ ಇಲ್ಲ. ಇನ್ನು ಮುಂದೆ ಕೈ ನಡುಗಿ ಯಾರಾದರೂ ತಟ್ಟೆ ಬೀಳಿಸಿದರೆ ಗದರುವ ಮೊದಲು ಒಂದು ಕ್ಷಣ ಯೋಚಿಸಿ.