ಷೆವರ್ಲೆ 3100 ಪಿಕಪ್: ದುರಸ್ತಿ ಮತ್ತು ಬಿಡಿಭಾಗ

ಅಮೆರಿಕದ ಷೆವರ್ಲೆ ಕಂಪನಿ 1947ರಿಂದ 1955ರ ಆರಂಭದವರೆಗೆ ತಯಾರಿಸಿದ ‘ಅಡ್ವಾನ್ಸ್ ಡಿಸೈನ್’ ಸರಣಿಯ ಅರ್ಧ ಟನ್ ಪಿಕಪ್ ಟ್ರಕ್ಕು. ಹಳೆಯ ಗಾಡಿಗಳಿಗೆ ಮರುಜೀವ ಕೊಡುವವರಿಗೆ ಇದು ಅಚ್ಚುಮೆಚ್ಚು.

ಬಿಡಿಭಾಗ ಹುಡುಕುವ ಮೊದಲು ಗಾಡಿಯ ವರ್ಷ ಖಚಿತವಾಗಬೇಕು. ನೋಟಕ್ಕೆ ಎಲ್ಲವೂ ಒಂದೇ ಎನಿಸಿದರೂ 1951ರಲ್ಲಿ ಬಾಗಿಲಿಗೆ ಗಾಳಿಕಿಟಕಿ ಬಂತು. 1954ರಲ್ಲಿ ಮುಂಗಾಜಿನ ನಡುಪಟ್ಟಿ ಹೋಯಿತು, ಗ್ರಿಲ್ಲೂ ಬದಲಾಯಿತು.

ತುಕ್ಕು ಹೆಚ್ಚಾಗಿ ಹಿಡಿಯುವುದು ಕ್ಯಾಬಿನ್ನಿನ ಹಿಂಬದಿಯ ಕೆಳಮೂಲೆಗಳಿಗೆ. ಧೂಳು, ತೇವ ಸೇರಿ ತಗಡು ಒಳಗಿನಿಂದಲೇ ಸವೆಯುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ತೂತು ಬೀಳುತ್ತದೆ. ಆ ಭಾಗವನ್ನು ಕತ್ತರಿಸಿ, ಹೊಸದಾಗಿ ಅಚ್ಚೊತ್ತಿದ ತಗಡನ್ನು ವೆಲ್ಡ್ ಮಾಡುವುದೇ ಸರಿಯಾದ ದಾರಿ. ಪುಟ್ಟಿ ಮೆತ್ತಿ ಮುಚ್ಚುವುದು ಗಾಡಿಗೆ ಬಗೆಯುವ ದ್ರೋಹ.

ಕಷ್ಟವೆಲ್ಲ ಇಂಜಿನ್ನಿನದು. 216 ಘನ ಇಂಚಿನ ಆರು ಸಿಲಿಂಡರಿನ ಮೂಲ ಇಂಜಿನ್ನಿನಲ್ಲಿ ಬ್ಯಾಬಿಟ್ ಎಂಬ ಮೆದು ಬಿಳಿಲೋಹದ ಬೇರಿಂಗುಗಳಿವೆ. ಸವೆದರೆ ಮತ್ತೆ ಎರಕ ಹೊಯ್ದು ಕಡೆಯಬೇಕು. ಅದನ್ನು ಬಲ್ಲವರು ವಿರಳ. ಹಾಗಾಗಿ ಹಲವರು 1954ರ ನಂತರದ 235 ಇಂಜಿನ್ ಕೂರಿಸುತ್ತಾರೆ. ಅದರಲ್ಲಿ ಆಯಿಲ್ ಒತ್ತಡದಿಂದ ಹರಿಯುತ್ತದೆ, ಬೇರಿಂಗನ್ನೂ ಬದಲಿಸಬಹುದು.

ಹಿಂದಿನ ತೊಟ್ಟಿಯ ಮರದ ಹಲಗೆ, ನಡುವಿನ ಉಕ್ಕಿನ ಪಟ್ಟಿ, ಬಾಗಿಲಿನ ರಬ್ಬರು ಹೊಸದಾಗಿಯೇ ಸಿಗುತ್ತವೆ.